ಹವಳಕ್ಕೆ ಬೇಕಾದದ್ದು ಸುಣ್ಣ, ಬಾಟಲಿ ಅಲ್ಲ



ನಮ್ಮ ಮನೆಗೆ ಊಟಕ್ಕೆ ಬಂದವರಿಗೆಲ್ಲ ಗೊತ್ತು: ಹಾಲ್‌ನಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಉಪ್ಪುನೀರಿನ ಒಂದು ಟ್ಯಾಂಕ್ ಇದೆ. 40 ಗ್ಯಾಲನ್, ಅಂದ್ರೆ ಸುಮಾರು 150 ಲೀಟರ್. ಒಳಗೆ ಎರಡು ಕ್ಲೌನ್ ಮೀನು, ಒಂದಷ್ಟು ಬಸವನಹುಳು, ಮಿಕ್ಕಿದ್ದೆಲ್ಲ ಹವಳ. ಬಂದವರು ಮೊದಲು ಫೋಟೋ ತೆಗೀತಾರೆ. ಆಮೇಲೆ ತಪ್ಪದೆ ಕೇಳೋದು ಒಂದೇ ಪ್ರಶ್ನೆ: "ಇದಕ್ಕೆಲ್ಲ ದುಡ್ಡು ಎಲ್ಲಿಂದ ತರ್ತೀರ್ರೇ?" ಕಳೆದ ದೀಪಾವಳಿ ಕಾರ್ಯಕ್ರಮದ ತಯಾರಿ ಸಭೆಯಲ್ಲಂತೂ ಒಬ್ಬರು, "ಅಯ್ಯೋ, ಅದು ಡಾಕ್ಟರುಗಳ ಹವ್ಯಾಸ, ಸ್ಟೈಪೆಂಡ್ ಮೇಲೆ ಬದುಕೋರಿಗಲ್ಲ" ಅಂತ ತೀರ್ಪು ಕೊಟ್ಟೇಬಿಟ್ಟರು.

ಈ ಬರಹ ಅವರಿಗೆ ಉತ್ತರ. ಆದರೆ ಎದೆಯುಬ್ಬಿಸಿಕೊಂಡು ಕೊಡುವ ಉತ್ತರ ಅಂತ ತಿಳೀಬೇಡಿ. ಅಗ್ಗದಲ್ಲಿ ಮಾಡಲು ಹೋಗಿ ನಾವು ಒಂದು ದೊಡ್ಡ ತಪ್ಪನ್ನೂ ಮಾಡಿದ್ದೇವೆ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ನಿಮಗೆ ಮೋಸ ಮಾಡಿದಂತೆ.

ನಾವು ಅಂದ್ರೆ ನಾಲ್ವರು. ಕುಮಟಾ, ದಾವಣಗೆರೆ, ಹಾಸನ, ಬೆಂಗಳೂರು. ಇರೋದು ಅಯೋವಾದಲ್ಲಿ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಲು ಒಂದು ದಿನಪೂರ್ತಿ ಕಾರು ಓಡಿಸಬೇಕು. ಸುತ್ತ ಇರೋದು ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಟ್ಯಾಂಕ್ ನಾವು ಕೊಂಡದ್ದಲ್ಲ. ಈ ಮನೆಯಲ್ಲಿ ನಮಗಿಂತ ಮೊದಲಿದ್ದ ಸೀನಿಯರ್ ಅಕ್ಕ ಪಿಎಚ್‌ಡಿ ಮುಗಿಸಿ ಕೆಲಸಕ್ಕೆ ಹೊರಟಾಗ ಪ್ರೆಶರ್ ಕುಕ್ಕರು, ಮಿಕ್ಸಿ, ಇಡ್ಲಿ ಸ್ಟ್ಯಾಂಡಿನ ಜೊತೆ ಇದನ್ನೂ ಬಿಟ್ಟುಹೋದರು. ಹೊರಡುವ ದಿನ ಬಾಗಿಲಲ್ಲಿ ನಿಂತು ಎರಡೇ ಮಾತು ಹೇಳಿದ್ದು: "ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸ್ರೇ. ಹವಳಕ್ಕೆ ಸುಣ್ಣ ತಪ್ಪಿಸಬೇಡಿ." ಎರಡನೆಯದು ತಮಾಷೆ ಅಂದುಕೊಂಡೆವು.

ಹವಳ ನೋಡಲು ಗಿಡದ ಹಾಗೆ, ಮುಟ್ಟಿದರೆ ಕಲ್ಲಿನ ಹಾಗೆ, ಆದರೆ ಅದೊಂದು ಪ್ರಾಣಿ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಎಳೆದುಕೊಂಡು ತನ್ನ ಕೆಳಗೆ ತಾನೇ ಕ್ಯಾಲ್ಸಿಯಂ ಕಾರ್ಬೊನೇಟಿನ ಗೂಡು ಕಟ್ಟುತ್ತಾ ಹೋಗುತ್ತೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ. ಸಮುದ್ರದಲ್ಲಿ ಎಷ್ಟು ಹವಳ ಎಷ್ಟು ತೆಗೆದರೂ ಅದು ಕಡಿಮೆಯಾಗಲ್ಲ. 150 ಲೀಟರಿನ ಟ್ಯಾಂಕಿನಲ್ಲಿ ಕಡಿಮೆಯಾಗುತ್ತೆ, ದಿನವೂ ಆಗುತ್ತೆ. ಹವಳ ಚೆನ್ನಾಗಿ ಬೆಳೆದಷ್ಟೂ ಬೇಗ ಆಗುತ್ತೆ. ತೆಗೆದಷ್ಟನ್ನು ನಾವು ವಾಪಸ್ ಹಾಕದಿದ್ದರೆ ಮೊದಲು ಬೆಳವಣಿಗೆ ನಿಲ್ಲುತ್ತೆ, ಆಮೇಲೆ ಬಣ್ಣ ಹೋಗುತ್ತೆ, ಕೊನೆಗೆ ಜೀವ.

ಮೊದಲ ಆರು ತಿಂಗಳು ನಾವೂ ಎಲ್ಲರ ಹಾಗೆ ಬಾಟಲಿ ಕೊಂಡೆವು. ಮೀನಿನ ಅಂಗಡಿಯ ಆ ಶೆಲ್ಫ್ ನೀವು ನೋಡಬೇಕು. ಕ್ಯಾಲ್ಸಿಯಂಗೆ ಒಂದು ಬಾಟಲಿ, ಬಣ್ಣಕ್ಕೊಂದು, ಬೆಳವಣಿಗೆಗೊಂದು, ಯಾವುದಕ್ಕೆ ಅಂತ ಓದಿದರೂ ಅರ್ಥವಾಗದ್ದು ಇನ್ನೆರಡು. ಎಲ್ಲದರ ಮೇಲೂ ನೀಲಿ ಸಮುದ್ರದ ಚಿತ್ರ. ತಿಂಗಳಿಗೆ ಹೆಚ್ಚುಕಡಿಮೆ 25 ಡಾಲರ್ ಅಲ್ಲಿ ಸುರಿದೆವು. ಒಂದು ಸಂಜೆ, ಫುಡ್ ಸೈನ್ಸ್ ಓದುವ ನಮ್ಮ ದಾವಣಗೆರೆಯವಳು ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದಳು. "ಕ್ಯಾಲ್ಸಿಯಂ ಕ್ಲೋರೈಡ್, ನೀರು. ಇದನ್ನ ನಾವು ಲ್ಯಾಬಲ್ಲಿ ಚೀಸ್ ಮಾಡುವಾಗ ಹಾಲಿಗೆ ಹಾಕ್ತೀವಿ ಕಣ್ರೇ" ಅಂದಳು. ಅವತ್ತಿಗೆ ಬಾಟಲಿಯ ಮೇಲಿನ ನಮ್ಮ ಭಕ್ತಿ ಮುಗಿಯಿತು. ನಾವು ದುಡ್ಡು ಕೊಡುತ್ತಿದ್ದದ್ದು ಬಹುಪಾಲು ನೀರಿಗೆ, ಆ ನೀರನ್ನು ಅಂಗಡಿಯವರೆಗೆ ಹೊತ್ತು ತಂದ ಲಾರಿಗೆ.

ಅಂಗಡಿಯವರ ಮೇಲೆ ನಮಗೇನೂ ಸಿಟ್ಟಿಲ್ಲ. ಹತ್ತು ಗ್ಯಾಲನ್ನಿನ ಪುಟ್ಟ ಟ್ಯಾಂಕ್ ಇಟ್ಟುಕೊಂಡವರಿಗೆ ಒಂದು ಬಾಟಲಿ ತುಂಬ ದಿನ ಬರುತ್ತೆ, ಅವರು ಸುಮ್ಮನೆ ಅದನ್ನೇ ಕೊಳ್ಳೋದು ವಾಸಿ. ಟ್ಯಾಂಕ್ ದೊಡ್ಡದಾದಾಗ, ಹವಳ ಬೆಳೆದಾಗ ಈ ಲೆಕ್ಕ ಕೈಮೀರುತ್ತೆ.

ಬಾಟಲಿ ಬಿಟ್ಟ ಮೇಲೆ ಶುರುವಾಯಿತು ನೋಡಿ ನಮ್ಮ ಜುಗಾಡು. ಇಲ್ಲಿ ಸುತ್ತ ಹೊಲಗದ್ದೆ ಇರೋದರಿಂದ ಕೋಳಿ ಸಾಕುವವರ ಅಂಗಡಿಯಲ್ಲಿ ಪುಡಿಮಾಡಿದ ಸಿಂಪಿ ಚಿಪ್ಪು ಮೂಟೆಗಟ್ಟಲೆ ಸಿಗುತ್ತೆ, ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲಿ ಅಂತ ಕೋಳಿಗೆ ಹಾಕೋದು. ಒಂದು ಚೀಲ ತಂದು ತೊಳೆದು ಫಿಲ್ಟರಿನಲ್ಲಿಟ್ಟೆವು. ಹಾಸನದಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ನನಗೆ ಡಾಕ್ಟರು ಕೊಟ್ಟಿರೋ ಕ್ಯಾಲ್ಸಿಯಂ ಮಾತ್ರೆ ಒಂದೆರಡು ಹಾಕ್ರೇ, ಅದಕ್ಕೂ ಮಂಡಿನೋವು ಹೋಗ್ಲಿ" ಅಂದರು. ಸುಳ್ಳು ಯಾಕೆ, ಅದನ್ನೂ ಹಾಕಿ ನೋಡಿದೆವು. ಒಂದು ತಿಂಗಳು ಕಳೆದರೂ ಕ್ಯಾಲ್ಸಿಯಂ ಒಂದು ಚೂರೂ ಏರಲಿಲ್ಲ. ಏರುವ ಹಾಗೂ ಇಲ್ಲ. ಚಿಪ್ಪಾಗಲಿ, ಮೊಟ್ಟೆ ಸಿಪ್ಪೆಯಾಗಲಿ, ಆ ಬಗೆಯ ಮಾತ್ರೆಯಾಗಲಿ, ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟ್. ಪಿಎಚ್ 8ರ ಆಸುಪಾಸಿನ ಸಮುದ್ರದ ನೀರಿನಲ್ಲಿ ಅದು ಕರಗಲ್ಲ. ಕರಗುವಂತಿದ್ದರೆ ಕಡಲತೀರದಲ್ಲಿ ಚಿಪ್ಪೇ ಉಳಿಯುತ್ತಿರಲಿಲ್ಲ. ಅದನ್ನು ಕರಗಿಸಲು ನೀರಿಗೆ ಇಂಗಾಲದ ಡೈಆಕ್ಸೈಡ್ ತುಂಬುವ ಯಂತ್ರಗಳಿವೆ, ಅವುಗಳ ಬೆಲೆ ಕೇಳಿ ನಾವು ಸುಮ್ಮನಾದೆವು. ಇವತ್ತಿಗೂ ಯಾರಾದರೂ "ಚಿಪ್ಪು ಹಾಕಿ, ತಾನೇ ಸರಿಹೋಗುತ್ತೆ" ಅಂದರೆ ನಂಬಬೇಡಿ.

ಅಕ್ಕನ ಮಾತು ನೆನಪಾದದ್ದು ಆಗ. ಸಿಂಕಿನ ಕೆಳಗಿನ ಕಪಾಟಿನ ಮೂಲೆಯಲ್ಲಿ, ಫಿನಾಯಿಲ್ ಹಿಂದೆ, ಅರ್ಧ ಖಾಲಿಯಾದ ಬಿಳಿ ಪುಡಿಯ ಒಂದು ಚೀಲ ಇತ್ತು. ಮೇಲೆ ಬರೆದಿದ್ದದ್ದು 'ಪಿಕ್ಲಿಂಗ್ ಲೈಮ್'. ನಾವು ಒಂದು ವರ್ಷ ಅದನ್ನು ನಿಂಬೆ ಉಪ್ಪಿನಕಾಯಿಗೆ ಹಾಕುವ ಏನೋ ಪುಡಿ ಅಂದುಕೊಂಡಿದ್ದೆವು! ಅದು ಸುಣ್ಣ. ಅರಳಿದ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇಲ್ಲಿನವರು ಸೌತೆಕಾಯಿ ಉಪ್ಪಿನಕಾಯಿ ಗರಿಗರಿಯಾಗಿರಲಿ ಅಂತ ಅದರ ನೀರಿನಲ್ಲಿ ನೆನೆಸ್ತಾರೆ. ಮೆಕ್ಸಿಕನ್ ಅಂಗಡಿಗೆ ಹೋದರೆ ಅದೇ ಪುಡಿ 'ಕಾಲ್' ಅನ್ನೋ ಹೆಸರಿನಲ್ಲಿ ಸಿಗುತ್ತೆ. ಟೋರ್ಟಿಯಾ ಹಿಟ್ಟಿಗೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕ್ತಾರೆ. ಮೆಕ್ಕೆಜೋಳದ ಸೀಮೆ ದಾವಣಗೆರೆಯಿಂದ ಮೆಕ್ಕೆಜೋಳದ ಸೀಮೆ ಅಯೋವಾಕ್ಕೆ ಬಂದು ನಮ್ಮವಳು ಇದನ್ನು ಕಲಿತಳು. ಹವಳ ಸಾಕುವವರು ಇದರ ತಿಳಿನೀರಿಗೆ 'ಕಾಲ್ಕ್‌ವಾಸರ್' ಅಂತಾರೆ. ದೊಡ್ಡ ಹೆಸರು ಅಂತ ಹೆದರಬೇಡಿ, ಜರ್ಮನ್ ಭಾಷೆಯಲ್ಲಿ ಅದರ ಅರ್ಥ ಸುಣ್ಣದ ನೀರು, ಅಷ್ಟೇ.

ಇದು ಮೊದಲು ಹೊಳೆಯಬೇಕಾಗಿದ್ದದ್ದು ನಮ್ಮ ಕುಮಟೆಯವಳಿಗೆ. ಅಘನಾಶಿನಿ ದಂಡೆಯ ಹುಡುಗಿ. ಹೊಳೆಯ ಚಿಪ್ಪನ್ನು ಸುಟ್ಟು, ಸುಟ್ಟದ್ದಕ್ಕೆ ನೀರು ಹಾಕಿ ಅರಳಿಸಿದ ಸುಣ್ಣವನ್ನೇ ಅವರ ಕಡೆ ಗೋಡೆಗೂ ಎಲೆಗೂ ಹಚ್ಚುತ್ತಿದ್ದದ್ದು. ನೀರಿನಲ್ಲಿ ಕರಗದ ಚಿಪ್ಪು ಬೆಂಕಿಯ ದಾರಿಯಲ್ಲಿ ಹೋಗಿ ಬಂದರೆ ಕರಗುತ್ತೆ. ಕೋಳಿ ಅಂಗಡಿಯ ಚೀಲ ಹೊತ್ತು ತಂದವಳೂ ಅವಳೇ ಅನ್ನೋದನ್ನ ನಾವು ಈಗಲೂ ಆಡಿಕೊಳ್ತೀವಿ.

ಎಲೆ ಅಡಿಕೆ ಅಂದ ತಕ್ಷಣ ಒಂದು ಎಚ್ಚರಿಕೆ: ಇಂಡಿಯನ್ ಸ್ಟೋರ್‌ನಲ್ಲಿ ಸಿಗುವ ಪಾನ್ ಸುಣ್ಣ ಬೇಡ. ಅದಕ್ಕೆ ಬಣ್ಣ, ಸುವಾಸನೆ ಸೇರಿಸಿರಬಹುದು. ಪೊಟ್ಟಣದ ಮೇಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂತ ಮಾತ್ರ ಇರುವ, ಆಹಾರಕ್ಕೆ ಬಳಸುವ ದರ್ಜೆಯ ಪುಡಿಯೇ ಬೇಕು.

ಸುಣ್ಣದ ನೀರಿನ ಸೊಗಸು ಏನಂದ್ರೆ, ಹವಳಕ್ಕೆ ಬೇಕಾದ ಎರಡನ್ನೂ, ಕ್ಯಾಲ್ಸಿಯಮ್ಮನ್ನೂ ಕ್ಷಾರತೆಯನ್ನೂ, ಹವಳ ಬಳಸುವ ಪ್ರಮಾಣದಲ್ಲೇ ಅದು ಒಟ್ಟಿಗೆ ಕೊಡುತ್ತೆ. ಕ್ಷಾರತೆ ಅಂದ್ರೆ ಎಲ್ಲರ ಬಾಯಲ್ಲಿ ಆಲ್ಕಲಿನಿಟಿ. ಹವಳಕ್ಕೆ ಕಾರ್ಬೊನೇಟ್ ಎಷ್ಟು ಸಿಗುತ್ತೆ ಅನ್ನೋದರ ಅಳತೆ ಅಂದುಕೊಳ್ಳಿ. ಅದರ ಮಾನ ಡಿಕೆಎಚ್. ಸಮುದ್ರದಲ್ಲಿ ಸುಮಾರು 7 ಇರುತ್ತೆ, ಮನೆಯ ಟ್ಯಾಂಕಿನಲ್ಲಿ 7ರಿಂದ 11ರ ಒಳಗೆ ಎಲ್ಲಾದರೂ ಒಂದು ಕಡೆ ಅಲುಗಾಡದೆ ಇದ್ದರೆ ಸಾಕು. ನಾವು 8 ಅಂತ ಇಟ್ಟುಕೊಂಡಿದ್ದೇವೆ.

ನಮ್ಮ ಲೆಕ್ಕ ಹೀಗಿದೆ. ಟ್ಯಾಂಕಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗುತ್ತೆ. ಆವಿಯಾಗೋದು ನೀರು ಮಾತ್ರ, ಉಪ್ಪು ಹೋಗಲ್ಲ, ಹಾಗಾಗಿ ಅಷ್ಟೂ ಸಿಹಿನೀರನ್ನು ಹೇಗೂ ದಿನಾ ತುಂಬಬೇಕು. ಆ ನೀರಿಗೇ ಸುಣ್ಣ ಕಲಸಿದರಾಯಿತು. ಒಂದು ಲೀಟರ್ ನೀರಿನಲ್ಲಿ ಒಂದೂವರೆ ಗ್ರಾಂ ಚಿಲ್ಲರೆಗಿಂತ ಹೆಚ್ಚು ಸುಣ್ಣ ಕರಗೋದೇ ಇಲ್ಲ, ಮಿಕ್ಕಿದ್ದು ತಳಕ್ಕೆ ಕೂರುತ್ತೆ. ನಾವು ಲೀಟರಿಗೆ 2 ಗ್ರಾಂ ಹಾಕ್ತೀವಿ. ಒಂದೂವರೆ ಲೀಟರ್ ತಿಳಿ ನಮ್ಮ 150 ಲೀಟರಿಗೆ ಸೇರಿದರೆ ಆಲ್ಕಲಿನಿಟಿ 1 ಡಿಕೆಎಚ್‌ಗಿಂತ ತುಸು ಹೆಚ್ಚು, ಕ್ಯಾಲ್ಸಿಯಂ ಲೀಟರಿಗೆ 8 ಮಿಲಿಗ್ರಾಂ ಏರುತ್ತೆ. ನಮ್ಮ ಹವಳಗಳು ಒಂದು ದಿನಕ್ಕೆ ತಿನ್ನೋದು ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ 3 ಗ್ರಾಂ ಸುಣ್ಣ. ಒಂದು ಪೌಂಡಿನ ಪೊಟ್ಟಣ ಐದು ತಿಂಗಳು. ಪೊಟ್ಟಣಕ್ಕೆ ನಾವು ಕೊಟ್ಟದ್ದು ಎರಡು ಕಾಫಿಯ ದುಡ್ಡು.

ಕಲಸುವ ಕ್ರಮವನ್ನೂ ಹೇಳಿಬಿಡ್ತೀವಿ. ಆರ್‌ಓ ನೀರು, ಇಲ್ಲಾ ಅಂಗಡಿಯ ಡಿಸ್ಟಿಲ್ಡ್ ನೀರು. ಹಾಲಿನ ಖಾಲಿ ಜಗ್. ಪುಡಿ ಹಾಕಿ ಮುಚ್ಚಳ ಬಿಗಿಮಾಡಿ ಅಲ್ಲಾಡಿಸಿ, ಕೆಲವು ಗಂಟೆ ಬಿಡಿ. ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ, ತಳದ ಗಸಿ ಹೋಗಕೂಡದು. ಪುಡಿಯಲ್ಲಿರುವ ಬೇಡದ ಲೋಹಗಳ ಅಂಶ ಬಹಳಷ್ಟು ಆ ಗಸಿಯಲ್ಲೇ ಉಳಿಯುತ್ತೆ. ಮುಚ್ಚಳ ಯಾಕೆ ಅಂದ್ರೆ, ಹೈಸ್ಕೂಲಿನಲ್ಲಿ ಸುಣ್ಣದ ತಿಳಿನೀರಿಗೆ ಸ್ಟ್ರಾ ಇಟ್ಟು ಊದಿದ್ದು ನೆನಪಿದೆಯಾ? ನೀರು ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಜಗ್‌ನಲ್ಲೂ ಅದನ್ನೇ ಮಾಡುತ್ತೆ. ಕರಗಿದ ಸುಣ್ಣ ಮತ್ತೆ ಚಿಪ್ಪಿನ ಪುಡಿಯಾಗಿ ಕೂರುತ್ತೆ, ಪಟ್ಟ ಪಾಡೆಲ್ಲ ವ್ಯರ್ಥ. ಜಗ್‌ನಿಂದ ಟ್ಯಾಂಕಿಗೆ ಸಣ್ಣ ಪ್ಲಾಸ್ಟಿಕ್ ನಳಿಕೆ, ನಡುವೆ ಒಂದು ಗಂಟು. ಗಂಟು ಬಿಗಿ ಸಡಿಲ ಮಾಡಿ, ಆಸ್ಪತ್ರೆಯ ಡ್ರಿಪ್ ಥರ ಸೆಕೆಂಡಿಗೆ ಒಂದು ಹನಿಗಿಂತ ತುಸು ಕಡಿಮೆ ಬೀಳುವಂತೆ ಇಟ್ಟರೆ ರಾತ್ರಿಯಿಡೀ ಇಳಿದು ಬೆಳಿಗ್ಗೆಗೆ ಮುಗಿಯುತ್ತೆ.

ರಾತ್ರಿ ಹಾಕೋದಕ್ಕೂ ಕಾರಣ ಇದೆ. ರಾತ್ರಿ ಟ್ಯಾಂಕಿನ ಪಿಎಚ್ ತಾನಾಗಿ ಇಳಿಯುತ್ತೆ. ಅದರ ಮೇಲೆ ಜನವರಿಯಲ್ಲಿ ಕಿಟಕಿಯೆಲ್ಲ ಮುಚ್ಚಿಕೊಂಡು, ನಾಲ್ಕು ಜನ ಉಸಿರಾಡಿಕೊಂಡು, ಗ್ಯಾಸ್ ಮೇಲೆ ಸಾಂಬಾರು ಕುದಿಸಿಕೊಂಡು ಇರುವ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಪಿಎಚ್ ಇನ್ನೂ ಕೆಳಗೆ ಬರುತ್ತೆ. ಸುಣ್ಣದ ನೀರು ತೀರಾ ಕ್ಷಾರವಾದ್ದರಿಂದ, ಪಿಎಚ್ 12ರ ಮೇಲೆ, ಅದನ್ನು ಎತ್ತಿ ಹಿಡಿಯುತ್ತೆ. ಚಳಿ ದೇಶದ ಬಾಡಿಗೆ ಮನೆಗೆ ಇದಕ್ಕಿಂತ ಒಪ್ಪುವ ಮದ್ದು ಇನ್ನೊಂದಿಲ್ಲ ಅಂತ ನಮ್ಮ ಅಭಿಪ್ರಾಯ.

ಅದೇ ಗುಣ ಕೊಲ್ಲಲೂ ಬಲ್ಲದು. ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ, ಪುಡಿ ಮುಟ್ಟುವಾಗ ಲ್ಯಾಬಿನ ಕನ್ನಡಕ ಹಾಕಿಕೊಳ್ಳಿ. ಇನ್ನೊಂದು, ತಿಳಿ ಸುಣ್ಣದ ನೀರು ನೋಡಲು ಥೇಟ್ ಕುಡಿಯುವ ನೀರು. ಯುಗಾದಿ ಊಟಕ್ಕೆ ಬಂದ ಒಬ್ಬರು ಆ ಜಗ್ ಎತ್ತಿ ಲೋಟಕ್ಕೆ ಬಗ್ಗಿಸಿಕೊಳ್ಳುವುದರಲ್ಲಿದ್ದರು. ಆವತ್ತಿನಿಂದ ಜಗ್ ಮೇಲೆ ಕನ್ನಡ, ಇಂಗ್ಲಿಷ್ ಎರಡರಲ್ಲೂ 'ಸುಣ್ಣ, ಕುಡಿಯಬೇಡಿ' ಅಂತ ಬರೆದು, ಒಂದು ತಲೆಬುರುಡೆ ಬರೆದು, ಅಡುಗೆಮನೆಯಿಂದ ದೂರ ಇಟ್ಟಿದ್ದೇವೆ.

ಈಗ ನಮ್ಮ ತಪ್ಪು. ಎರಡನೆಯ ಚಳಿಗಾಲ, ಥ್ಯಾಂಕ್ಸ್‌ಗಿವಿಂಗ್ ರಜೆ. ಮೂರು ದಿನಕ್ಕೆ ಶಿಕಾಗೋಗೆ ಹೊರಟಿದ್ದೆವು, ಕಾರು ಬಾಗಿಲಲ್ಲಿ ನಿಂತಿತ್ತು. ಮೂರು ದಿನ ಸುಣ್ಣ ತಪ್ಪುತ್ತಲ್ಲ, ಈಗಲೇ ಹಾಕಿಬಿಡೋಣ ಅಂತ ತುಂಬಿದ್ದ ಎರಡು ಜಗ್ ಸುಣ್ಣದ ನೀರನ್ನು, ಅಡಿಯ ಗಸಿಯೂ ಸೇರಿ, ಒಂದೇ ಸಲ ಟ್ಯಾಂಕಿಗೆ ಸುರಿದೆವು. ಯಾರು ಸುರಿದದ್ದು ಅಂತ ಇಲ್ಲಿ ಬರೆಯಲ್ಲ. ನಾಲ್ವರೂ ಅಲ್ಲೇ ಇದ್ದೆವು, ಯಾರೂ ಬೇಡ ಅನ್ನಲಿಲ್ಲ.

ವಾಪಸ್ ಬಂದಾಗ ನೀರು ಮಜ್ಜಿಗೆಯಂತಿತ್ತು. ಪಿಎಚ್ ಒಮ್ಮೆಲೇ ಮೇಲೆ ಹಾರಿದಾಗ ನೀರಿನಲ್ಲಿದ್ದ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡೂ ಹವಳಕ್ಕೆ ಸಿಗದೆ ಅಲ್ಲಲ್ಲೇ ಸೀಮೆಸುಣ್ಣವಾಗಿ ಉದುರಿಬಿಡುತ್ತೆ. ಹೀಟರಿನ ಮೇಲೆ ಬಿಳಿ ಪದರ, ಪಂಪು ಕಚ್ಚಿಕೊಂಡು ನಿಂತಿತ್ತು. ಮೀನು ಬದುಕಿದ್ದವು, ಹೇಗೋ ಗೊತ್ತಿಲ್ಲ. ಅಕ್ಕ ಹೆಬ್ಬೆರಳುಗುರಿನಷ್ಟು ತುಂಡಿನಿಂದ ಐದು ವರ್ಷ ಬೆಳೆಸಿದ್ದ, ಊಟದ ತಟ್ಟೆಯಷ್ಟಗಲದ ಕೇಸರಿ ಬಣ್ಣದ ಮಾಂಟಿಪೋರಾ ಹವಳ ಪೂರ್ತಿ ಬೆಳ್ಳಗಾಗಿತ್ತು. ನೀರು ಬದಲಾಯಿಸಿದೆವು, ಕಿಟಕಿ ತೆಗೆದು ಚಳಿಯಲ್ಲಿ ಕೂತೆವು. ಉಳಿದವು ಎರಡು ಮೂರು ವಾರದಲ್ಲಿ ಮೆಲ್ಲಗೆ ಚೇತರಿಸಿಕೊಂಡವು. ಅದು ಉಳಿಯಲಿಲ್ಲ.

ಅಕ್ಕನಿಗೆ ಫೋನ್ ಮಾಡಲು ಎರಡು ದಿನ ಬೇಕಾಯಿತು. ಬೈತಾರೆ ಅಂದುಕೊಂಡಿದ್ದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುರಿಯೋಕೆ ಮುಂಚೆ ಆಲ್ಕಲಿನಿಟಿ ಎಷ್ಟಿತ್ತು?" ಅಂತಷ್ಟೇ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಟೆಸ್ಟ್ ಕಿಟ್ ಮುಗಿದು ಮೂರು ವಾರವಾಗಿತ್ತು. ಹೊಸದಕ್ಕೆ ಇಪ್ಪತ್ತು ಡಾಲರ್ ಚಿಲ್ಲರೆ. ಸುಣ್ಣ ಇದೆಯಲ್ಲ, ಮುಂದಿನ ತಿಂಗಳು ಸ್ಟೈಪೆಂಡ್ ಬಂದ ಮೇಲೆ ತಂದರಾಯಿತು ಅಂತ ಮುಂದೂಡಿದ್ದೆವು.

ನಾವು ಹೇಳಬೇಕೆಂದು ಹೊರಟದ್ದು ಇಷ್ಟು: ಅಗ್ಗ ಮಾಡಬೇಕಾದದ್ದು ಮದ್ದಿನಲ್ಲಿ, ಅಳತೆಯಲ್ಲಿ ಖಂಡಿತ ಬೇಡ. ನಾವು ಮಾಡಿದ್ದು ತಿರುಗಾಮುರುಗಾ. ಮೊದಲು ಬಾಟಲಿಗೆ ದುಡ್ಡು ಸುರಿದೆವು, ಆಮೇಲೆ ಉಳಿಸುವ ಹುಮ್ಮಸ್ಸಿನಲ್ಲಿ ಟೆಸ್ಟ್ ಕಿಟ್‌ನಲ್ಲೂ ಉಳಿಸಿದೆವು. ಕಿಟ್ ಇದ್ದರೆ ರಸ್ತೆ ಬದಿಯ ಪುಡಿಯಿಂದಲೂ ಹವಳ ಸಾಕಬಹುದು (ಅದೂ ಮುಂದೆ ಬರುತ್ತೆ); ಕಿಟ್ ಇಲ್ಲದಿದ್ದರೆ ಎಷ್ಟೇ ದುಬಾರಿ ಬಾಟಲಿಯೂ ಕತ್ತಲಲ್ಲಿ ಕಲ್ಲೆಸೆದ ಹಾಗೆ.

ಅಳೆಯೋದು ಏನನ್ನು ಅನ್ನೋದರಲ್ಲೂ ನಾವು ಎಡವಿದ್ದೆವು. ಹೊಸಬರೆಲ್ಲ ಮಾಡುವ ಹಾಗೆ ಕ್ಯಾಲ್ಸಿಯಮ್ಮನ್ನೇ ವಾರವಾರ ಅಳೆಯುತ್ತಿದ್ದೆವು, ಆಲ್ಕಲಿನಿಟಿ ನೆನಪಾದಾಗ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ಹಾಗೆ. ಲೆಕ್ಕ ನೋಡಿ. ಹವಳ ಆಲ್ಕಲಿನಿಟಿಯನ್ನು 1 ಡಿಕೆಎಚ್ ಇಳಿಸಿದಾಗ ಕ್ಯಾಲ್ಸಿಯಂ ಇಳಿಯೋದು ಲೀಟರಿಗೆ ಸುಮಾರು 7 ಮಿಲಿಗ್ರಾಂ. ಅಂದ್ರೆ ಆಲ್ಕಲಿನಿಟಿ 8ರಿಂದ 6ಕ್ಕೆ, ಕಾಲು ಭಾಗ ಕುಸಿದು ಹವಳ ಸಂಕಟದಲ್ಲಿರುವಾಗ ಕ್ಯಾಲ್ಸಿಯಂ 420ರಿಂದ 406ಕ್ಕೆ ಬಂದಿರುತ್ತೆ. ಮನೆಯ ಕಿಟ್‌ನಲ್ಲಿ ಕ್ಯಾಲ್ಸಿಯಂ ಅಳೆದರೆ ಹತ್ತು ಹದಿನೈದರ ವ್ಯತ್ಯಾಸ ಹನಿ ಎಣಿಸುವ ತಪ್ಪಿನಲ್ಲೇ ಮುಚ್ಚಿಹೋಗುತ್ತೆ. ಹಾಗಾಗಿ ಕ್ಯಾಲ್ಸಿಯಂ ಕಾಯಬೇಕಾದರೆ ಕಣ್ಣಿಡಬೇಕಾದದ್ದು ಆಲ್ಕಲಿನಿಟಿಯ ಮೇಲೆ. ನಾವೀಗ ಎರಡು ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಅದನ್ನು ಅಳೆದು ನೋಟ್‌ಬುಕ್‌ನಲ್ಲಿ ಬರೀತೀವಿ. ಐದು ನಿಮಿಷದ ಕೆಲಸ, ಕಾಫಿ ಡಿಕಾಕ್ಷನ್ ಇಳಿಯುವುದರೊಳಗೆ ಮುಗಿಯುತ್ತೆ. ಕ್ಯಾಲ್ಸಿಯಂ ಎರಡು ವಾರಕ್ಕೊಮ್ಮೆ. 380ರಿಂದ 450ರ ನಡುವೆ ಇದ್ದರೆ ಅದರ ತಂಟೆಗೆ ಹೋಗಲ್ಲ. ಮೆಗ್ನೀಸಿಯಂ ತಿಂಗಳಿಗೊಮ್ಮೆ, ಅದು 1250ರಿಂದ 1350. ಅದು ತೀರಾ ಕಡಿಮೆಯಾದರೆ ಹಾಕಿದ ಸುಣ್ಣ ನಿಲ್ಲದೆ ಉದುರಿಹೋಗುತ್ತೆ, ಅದಕ್ಕಾಗಿ ನೋಡಿಕೊಳ್ಳಬೇಕು.

ಹವಳ ಬೆಳೆದು, ಆವಿಯಾಗುವ ನೀರಿನಷ್ಟು ಸುಣ್ಣ ಸಾಲದೆ ಬಂದರೆ? ನಮ್ಮ ಟ್ಯಾಂಕ್ ಬೇಸಿಗೆಯಲ್ಲಿ ಆ ಹಂತಕ್ಕೆ ಬಂತು. ಆಗ ಎರಡು ದ್ರಾವಣದ ದಾರಿ. ರ‍್ಯಾಂಡಿ ಹೋಮ್ಸ್-ಫಾರ್ಲಿ ಅನ್ನೋ ರಸಾಯನಶಾಸ್ತ್ರಜ್ಞರು ಹವ್ಯಾಸಿಗಳಿಗೆಂದೇ ಬರೆದು ಪುಕ್ಕಟೆಯಾಗಿ ಹಂಚಿದ ಪಾಕವಿಧಾನ. ಈ ಹವ್ಯಾಸದಲ್ಲಿ ಬಡವರ ಪಾಲಿನ ದೇವರು ಅಂದ್ರೆ ತಪ್ಪಿಲ್ಲ. 500 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಒಂದು ಗ್ಯಾಲನ್ ನೀರಿಗೆ. ಇನ್ನೊಂದು ಜಗ್‌ಗೆ 594 ಗ್ರಾಂ ಅಡುಗೆ ಸೋಡಾ, ಆದರೆ ಮೊದಲು ಟ್ರೇನಲ್ಲಿ ಹರಡಿ ಓವನ್‌ನಲ್ಲಿ 300 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಹುರಿಯಬೇಕು. ಹುರಿದಾಗ ನೀರೂ ಇಂಗಾಲದ ಡೈಆಕ್ಸೈಡೂ ಹೋಗಿ ಅದು ವಾಷಿಂಗ್ ಸೋಡಾ ಆಗುತ್ತೆ, ತೂಕ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತೆ. ಎರಡನ್ನೂ ಸಮನಾಗಿ ಹಾಕಬೇಕು. ಸುಣ್ಣದ ನೀರಿಲ್ಲದೆ ಇದನ್ನೇ ನೆಚ್ಚಿಕೊಂಡರೂ ನಮ್ಮ ಟ್ಯಾಂಕಿಗೆ ದಿನಕ್ಕೆ ತಲಾ ಸುಮಾರು 30 ಮಿಲಿಲೀಟರ್ ಸಾಕು. ಒಂದು ಗ್ಯಾಲನ್ ನಾಲ್ಕು ತಿಂಗಳು. ಎರಡನ್ನೂ ಒಂದೇ ಜಾಗದಲ್ಲಿ ಒಟ್ಟಿಗೆ ಸುರಿದರೆ ಮತ್ತೆ ಮಜ್ಜಿಗೆಯೇ, ಹೊತ್ತು ಬಿಟ್ಟು ಹೊತ್ತು ಹಾಕಿ, ನೀರು ಜೋರಾಗಿ ಹರಿಯುವ ಕಡೆ ಹಾಕಿ. ಬಳಸುತ್ತಾ ಹೋದಂತೆ ಉಪ್ಪಿನಂಶ ಮೆಲ್ಲಗೆ ಏರುತ್ತೆ, ಆಗಾಗ ನೀರು ಬದಲಾಯಿಸೋದು ತಪ್ಪಲ್ಲ.

ರಸ್ತೆ ಬದಿಯ ಪುಡಿ ಅಂದೆವಲ್ಲ. ಇಲ್ಲಿ ಹಿಮ ಕರಗಿಸಲು ಬಾಗಿಲ ಮುಂದೆ ಎರಚುವ ಉಪ್ಪಿನಲ್ಲಿ ಒಂದು ಬಗೆ ಕ್ಯಾಲ್ಸಿಯಂ ಕ್ಲೋರೈಡ್. ಹಾರ್ಡ್‌ವೇರ್ ಅಂಗಡಿಯಲ್ಲಿ ಚೀಲಗಟ್ಟಲೆ. ಬಹಳ ಹವ್ಯಾಸಿಗಳು ಅದನ್ನೇ ಬಳಸ್ತಾರೆ. ಆದರೆ ಚೀಲದ ಮೇಲೆ ಬರೆದದ್ದನ್ನು ಪೂರ್ತಿ ಓದಿ. ಎಷ್ಟೋ ಚೀಲಗಳಲ್ಲಿ ಮಾಮೂಲಿ ಉಪ್ಪು, ಬಣ್ಣ, ತುಕ್ಕು ತಡೆಯುವ ಮದ್ದು ಸೇರಿರುತ್ತೆ. ನಮ್ಮಲ್ಲಿ ಈ ಬಗ್ಗೆ ಎರಡು ಪಕ್ಷ. ಕೊನೆಗೆ ಗೆದ್ದದ್ದು ದಾವಣಗೆರೆ ಪಕ್ಷ: ಚೀಸಿಗೂ ಉಪ್ಪಿನಕಾಯಿಗೂ ಹಾಕುವ ಆಹಾರ ದರ್ಜೆಯದನ್ನೇ ತರೋಣ, ಬೆಲೆ ವ್ಯತ್ಯಾಸ ತಿಂಗಳಿಗೆ ಒಂದು ಡಾಲರೂ ಇಲ್ಲ ಅಂತ. ನೀರಿಗೆ ಹಾಕುವಾಗ ಅದು ಬಿಸಿಯಾಗುತ್ತೆ, ಗಾಜಿನ ಪಾತ್ರೆ ಬೇಡ.

ಇಷ್ಟೆಲ್ಲ ಓದಿದ ಮೇಲೂ ನಿಮ್ಮಲ್ಲಿ ಹೆಚ್ಚಿನವರಿಗೆ ನಾವು ಹೇಳೋದು, ಇದ್ಯಾವುದೂ ಬೇಡ ಅಂತಲೇ. ಎರಡು ವರ್ಷದ ಮಾಸ್ಟರ್ಸ್‌ಗೆ ಬಂದವರು, ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಅಂತ ಇನ್ನೊಂದು ರಾಜ್ಯಕ್ಕೆ ಹೋಗುವವರು, ಮೆದು ಹವಳ ಸಾಕಿ. ಮಶ್ರೂಮ್, ಜೊವಾಂಥಿಡ್ ಅಂತ ಸಿಗುತ್ತಲ್ಲ, ಅವು. ಅವಕ್ಕೆ ಕಲ್ಲಿನ ಗೂಡೇ ಇಲ್ಲ, ಕ್ಯಾಲ್ಸಿಯಂ ಹಸಿವು ತೀರಾ ಕಡಿಮೆ. ವಾರಕ್ಕೊಮ್ಮೆ ಹತ್ತು ಪರ್ಸೆಂಟ್ ನೀರು ಬದಲಾಯಿಸಿದರೆ ಹೊಸ ಉಪ್ಪುನೀರಿನಲ್ಲಿ ಬರುವ ಕ್ಯಾಲ್ಸಿಯಮ್ಮೇ ಸಾಕು. ಬೇಕೇ ಇಲ್ಲದ ಕ್ಯಾಲ್ಸಿಯಮ್ಮಿಗಿಂತ ಅಗ್ಗದ್ದು ಯಾವುದಿದೆ? ಕಲ್ಲು ಹವಳ ಬೇಕೇಬೇಕು ಅನ್ನುವವರು ಅಂಗಡಿಯ ದೊಡ್ಡ ತುಂಡಿಗೆ ಕೈಹಾಕಬೇಡಿ. ಊರಿನ ಹವ್ಯಾಸಿಗಳು ಮನೆಯಲ್ಲೇ ಬೆಳೆದು ಕತ್ತರಿಸಿ ಕೊಡುವ ಸಣ್ಣ ತುಂಡು ತನ್ನಿ. ಬೆಲೆಯೂ ಕಡಿಮೆ, ಸಮುದ್ರದಿಂದ ಕಿತ್ತು ತಂದದ್ದೂ ಆಗಿರಲ್ಲ. ಮತ್ತೆ, ಮುರ್ಡೇಶ್ವರಕ್ಕೆ ಹೋದಾಗ ನೇತ್ರಾಣಿಯಲ್ಲಿ ಮುಳುಗಿ ನೋಡಿ, ಒಂದು ಚೂರೂ ತರಬೇಡಿ. ನಮ್ಮ ದೇಶದಲ್ಲಿ ಕಲ್ಲು ಹವಳಕ್ಕೆ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ, ಹುಲಿಗೆ ಇರುವಂಥದ್ದೇ.

ದೀಪಾವಳಿ ಸಭೆಯ ತೀರ್ಪಿಗೆ ವಾಪಸ್ ಬರೋಣ. ಈ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕ್ಯಾಲ್ಸಿಯಂ ಖರ್ಚು, ಸುಣ್ಣ, ಸೋಡಾ, ಕ್ಯಾಲ್ಸಿಯಂ ಕ್ಲೋರೈಡ್ ಎಲ್ಲ ಸೇರಿ, 19 ಡಾಲರ್. ಟೆಸ್ಟ್ ಕಿಟ್‌ಗಳಿಗೆ 58. ಮೊದಲು ಇದು ಉಲ್ಟಾ ಇತ್ತು. ಕರೆಂಟು, ಉಪ್ಪು ಬೇರೆ. ಅದರಲ್ಲಿ ಉಳಿಸುವ ದಾರಿ ನಮಗಿನ್ನೂ ಸಿಕ್ಕಿಲ್ಲ, ಸಿಕ್ಕವರು ಮುಂದಿನ ಸಂಚಿಕೆಗೆ ಬರೆಯಿರಿ.

ಮೇ ಕೊನೆಗೆ ನಮ್ಮಲ್ಲಿ ಮೂವರು ಊರು ಬಿಡ್ತಿದ್ದೀವಿ. ಕುಮಟೆಯವಳಿಗೆ ಇನ್ನೂ ಎರಡು ವರ್ಷ ಇದೆ, ಆದರೆ ಅವಳು ಹೋಗುವ ಒಂದೇ ಕೋಣೆಯ ಮನೆಯಲ್ಲಿ ಟ್ಯಾಂಕಿಗೆ ಜಾಗ ಇಲ್ಲ. ಹಾಗಾಗಿ ಇದಕ್ಕೆ ಮನೆ ಹುಡುಕ್ತಿದ್ದೀವಿ. ದುಡ್ಡು ಬೇಡ. ಟ್ಯಾಂಕ್, ಲೈಟು, ಪಂಪು, ಎರಡು ಜಗ್, ಮುಕ್ಕಾಲು ಪೊಟ್ಟಣ ಸುಣ್ಣ, ಹೋದ ವಾರ ತಂದ ಹೊಸ ಆಲ್ಕಲಿನಿಟಿ ಕಿಟ್, ನೋಟ್‌ಬುಕ್. ಸತ್ತ ಮಾಂಟಿಪೋರಾದ ಬಿಳಿ ತಟ್ಟೆ ಟ್ಯಾಂಕಿನಲ್ಲೇ ಇದೆ, ತೆಗೆಯಲು ನಮಗೆ ಮನಸ್ಸಾಗಲಿಲ್ಲ. ಅದರ ಒಂದು ಅಂಚಿನಲ್ಲಿ ಬೇರೊಬ್ಬರು ಕೊಟ್ಟ ಅದೇ ಜಾತಿಯ ಸಣ್ಣ ತುಂಡು ಅಂಟಿಸಿದ್ದೆವು, ಈಗ ಎರಡು ಬೆರಳಗಲ ಹಬ್ಬಿದೆ. ತೆಗೆದುಕೊಳ್ಳುವವರು ಬರುವ ಮುಂಚೆ ಎರಡು ವಾರ ನಮ್ಮ ಮನೆಗೆ ಬಂದು, ನಮ್ಮೆದುರಿಗೆ ಹನಿ ಎಣಿಸಿ, ಬರೆದು ತೋರಿಸಬೇಕು. ಅದೊಂದು ಷರತ್ತು. ಕಾಫಿ ನಮ್ಮದು.